ಇಲ್ಲಿ ಕಣ್ಣೊರೆಸಿಕೊಳ್ಳುವುದು

ನಾನು ಆ ಭಾಷಣ ಮಾಡಿದೆನೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಖಚಿತವಿಲ್ಲ. ವೇದಿಕೆ ಹತ್ತಿದ್ದು ನಿಜ. ಇಳಿದದ್ದೂ ನಿಜವಿರಬೇಕು, ಏಕೆಂದರೆ ಈಗ ನಾನು ಅಲ್ಲಿಲ್ಲ. ನಡುವೆ ಏನಾಯಿತು ಎಂಬುದನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅವರಲ್ಲೆಲ್ಲ ಅತ್ಯಂತ ನಂಬಲಾಗದ ಸಾಕ್ಷಿ ನಾನೇ, ಯಾಕೆಂದರೆ ನಾನು ಹೇಳಿದ್ದು ನನಗೇ ಕೇಳಿಸಿರಲಿಲ್ಲ.

ಇದನ್ನೆಲ್ಲ ಈಗ ಕೆದಕಿದ್ದು ಒಂದು ಜ್ಯೇಷ್ಠಮಧುವಿನ ಕಡ್ಡಿ. ಕಳೆದ ವಾರ ಗಂಟಲು ಕಟ್ಟಿತ್ತು. ಹೆಂಡತಿ ಡಬ್ಬಿಯಿಂದ ಒಂದು ತುಂಡು ಹುಡುಕಿ ಕೈಗಿತ್ತು, "ಇದನ್ನ ಬಾಯಾಗ ಇಟ್ಕೊಂಡು ಎರಡು ದಿನ ಸುಮ್ಮ ಕುಂದರ್ರಿ" ಎಂದಳು. ಔಷಧದ ಯಾವ ಭಾಗದ ಮೇಲೆ ಆಕೆಗೆ ಹೆಚ್ಚು ಭರವಸೆಯಿತ್ತು ಎಂದು ನಾನು ಕೇಳಲಿಲ್ಲ. ಕಟ್ಟಿಗೆಯಂಥ ಆ ಸಿಹಿ ನಾಲಿಗೆಗೆ ತಾಗಿದ್ದೇ ತಡ, ಬನಹಟ್ಟಿಯ ಹೈಸ್ಕೂಲಿನ ಅಂಗಳ, ಬೇವಿನ ಗಿಡ, ಶಿರಾದ ಪಾತೇಲಿ ಮತ್ತು ನನ್ನ ಅಪ್ಪನ ಹೆಗಲ ಮೇಲಿನ ಟವೆಲು ಎಲ್ಲ ಒಟ್ಟಿಗೆ ಎದ್ದು ಬಂದವು. ಹೀಗೆ ಒಟ್ಟಿಗೆ ಬರುವ ನೆನಪುಗಳನ್ನು ನಾನು ನಂಬುವುದಿಲ್ಲ. ಧಾರವಾಡದಲ್ಲಿ ಇತಿಹಾಸ ಎಂ.ಎ. ಮಾಡುವಾಗ ನಮಗೆ ಕಲಿಸಿದ್ದು ಇದನ್ನೇ: ಒಬ್ಬ ಸಾಕ್ಷಿ ಹೇಳಿದರೆ ನಂಬಬೇಡ, ಇಬ್ಬರು ಒಂದೇ ಮಾತು ಹೇಳಿದರೆ ಅವರು ಮೊದಲೇ ಕೂಡಿ ಚಹಾ ಕುಡಿದಿದ್ದಾರೆಯೇ ಎಂದು ವಿಚಾರಿಸು. ಈ ವಿದ್ಯೆಯಿಂದ ನನಗೆ ನೌಕರಿ ಸಿಕ್ಕಿತು. ಇದೇ ವಿದ್ಯೆಯಿಂದ ಮನೆಗೆ ಹಾಲು ಹಾಕುವವರು ಮೇಲಿಂದ ಮೇಲೆ ಬದಲಾಗುತ್ತಾರೆ.

ಬನಹಟ್ಟಿಯನ್ನು ನೀವು ನೋಡಿರದಿದ್ದರೂ ಅಡ್ಡಿಯಿಲ್ಲ; ಅದು ನೋಡುವ ಊರಲ್ಲ, ಕೇಳುವ ಊರು. ಓಣಿ ಓಣಿಗೆ ವಿದ್ಯುತ್ ಮಗ್ಗ. ಬೆಳಗಿನಿಂದ ಖಟಾಪಟ್ ಖಟಾಪಟ್ ಎಂದು ಸೀರೆ ನೇಯುತ್ತಲೇ ಇರುತ್ತವೆ. ನಮ್ಮ ಮನೆಯ ಪಕ್ಕದ ಖೋಲಿಯಲ್ಲಿ ಅಪ್ಪನ ನಾಲ್ಕು ಮಗ್ಗಗಳಿದ್ದವು. ಅಲ್ಲಿ ನಿಂತು ಕೂಗಿದರೂ ಪಕ್ಕದವನಿಗೆ ಕೇಳುವುದಿಲ್ಲ. ಹಾಗಾಗಿ ನೇಕಾರರು ಕೂಗುವುದನ್ನೇ ಬಿಟ್ಟು, ಬರಿಯ ತುಟಿ ಆಡಿಸಿ ಮಾತಾಡುತ್ತಿದ್ದರು. ಖೋಲಿಯ ಆ ಮೂಲೆಯವನು ತುಟಿ ಆಡಿಸಿದರೆ ಈ ಮೂಲೆಯವನು ಓದಿಕೊಂಡು ನಗುತ್ತಿದ್ದ. ಎಳೆ ಹರಿಯಿತು, ಚಹಾ ಬಂತು, ನಿನ್ನ ಭಾವ ಬಂದಾನ, ಎಲ್ಲ ತುಟಿಯಲ್ಲೇ. ವರ್ಷಗಳು ಕಳೆದಂತೆ ಮಗ್ಗದವರ ಕಿವಿ ಮಂದವಾಗುತ್ತ ಹೋಗುತ್ತದೆ, ಕಣ್ಣು ಮಾತ್ರ ಎದುರಿಗಿದ್ದವರ ಬಾಯಿಯ ಮೇಲೆ ಚುರುಕಾಗುತ್ತ ಹೋಗುತ್ತದೆ. ನಮ್ಮಪ್ಪ ಮಗ್ಗ ನಿಂತ ಮೇಲೆ ಊಟಕ್ಕೆ ಕೂತಾಗಲೂ ದನಿಯಿಲ್ಲದೇ ತುಟಿ ಆಡಿಸಿ ಸಾರು ಕೇಳುತ್ತಿದ್ದ. ಅವ್ವ ಒಲೆಯ ಕಡೆ ಮುಖ ಮಾಡಿರುತ್ತಿದ್ದಳು. ಸಾರು ಬರುತ್ತಿರಲಿಲ್ಲ. ಅದರಿಂದ ಎಷ್ಟೋ ಜಗಳವಾಗಿದೆ, ಅದೂ ಅರ್ಧ ದನಿಯಲ್ಲಿ, ಅರ್ಧ ತುಟಿಯಲ್ಲಿ.

ಬೇರೆ ಮನೆಗಳಲ್ಲಿ ಗುಟ್ಟು ಹೇಳಬೇಕಾದರೆ ದನಿ ತಗ್ಗಿಸುತ್ತಾರೆ. ನಮ್ಮಲ್ಲಿ ಮುಖ ತಿರುಗಿಸುತ್ತಿದ್ದರು.

ಅಪ್ಪನ ಇನ್ನೊಂದು ನೇಮವೆಂದರೆ, ಕರೆಂಟು ಇರುವಷ್ಟು ಹೊತ್ತು ಮಗ್ಗ ನಿಲ್ಲಕೂಡದು. ನಮ್ಮ ಅಕ್ಕನನ್ನು ನೋಡಲು ಮುಧೋಳದಿಂದ ಬೀಗರು ಬಂದ ದಿನವೂ ಅವನು ಮಗ್ಗ ನಿಲ್ಲಿಸಲಿಲ್ಲ. ಖೋಲಿಯ ಬಾಗಿಲಲ್ಲಿ ನಿಂತ ಅವರಿಗೆ ಒಳಗಿನಿಂದಲೇ ಕೈ ಮುಗಿದು, ತುಟಿಯಲ್ಲೇ ಬರ್ರಿ ಕುಂದರ್ರಿ ಅಂದು, ಕೈ ಸನ್ನೆಯಲ್ಲಿ ಚಹಾ ಕುಡಿಯಲು ಹೇಳಿ ಮತ್ತೆ ಲಾಳಿಯ ಕಡೆ ತಿರುಗಿದ. ಬೀಗರು ಹೊರಗೆ ಕೂತು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಅವರ ಪೈಕಿ ಹಿರಿಯರೊಬ್ಬರು ಅವ್ವನನ್ನು ಬದಿಗೆ ಕರೆದು, ಹುಡುಗಿಯ ತಂದೆ ಮೂಕರೆಂದು ಮೊದಲೇ ಹೇಳಬೇಕಿತ್ತು, ಆದರೂ ನಮ್ಮದೇನೂ ತಕರಾರಿಲ್ಲ ಎಂದರಂತೆ. ಅವ್ವ ಅದನ್ನು ತಿದ್ದಲಿಲ್ಲ. ತಿದ್ದಿದರೆ ಸಂಬಂಧ ಮುರಿದೀತು ಅಂತ ಹೆದರಿದ್ದಳೋ, ಮಾತಾಡುವ ಗಂಡನಿಗಿಂತ ಮೂಕ ಗಂಡನಿಗೆ ಮರ್ಯಾದೆ ಹೆಚ್ಚು ಅನ್ನಿಸಿತೋ ತಿಳಿಯದು. ಮದುವೆಯಂತೂ ಆಯಿತು.

ನಾನು ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಅಪ್ಪ ಐದನೆಯ ಮಗ್ಗ ತಂದು ಖೋಲಿಯ ಮೂಲೆಯಲ್ಲಿ ನಿಲ್ಲಿಸಿ, ಅದರ ಮೇಲೊಂದು ತಾಡಪತ್ರಿ ಹೊದಿಸಿದ್ದ. ಅದು ಯಾರಿಗೆಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮನೆಯಲ್ಲಿ ಮಗ್ಗಕ್ಕೆ ಕೂಡದೇ ಉಳಿದ ಗಂಡಸು ನಾನೊಬ್ಬನೇ. ನನಗೋ ಜಮಖಂಡಿಯ ಕಾಲೇಜಿಗೆ ಹೋಗುವ ಹುಚ್ಚು. ಕಾಲೇಜಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಅಲ್ಲಿ ಒಂದು ಓದುವ ಕೋಣೆ ಇದೆ, ಅದರಲ್ಲಿ ಸಪ್ಪಳ ಮಾಡಿದರೆ ಹೊರಗೆ ಹಾಕುತ್ತಾರೆ. ಸಪ್ಪಳ ಮಾಡಿದ್ದಕ್ಕೆ ಹೊರಗೆ ಹಾಕುವ ಜಾಗವೊಂದು ಭೂಮಿಯ ಮೇಲೆ ಇದೆ ಎಂಬುದನ್ನು ಕೇಳಿದಾಗಿನಿಂದ ನನಗೆ ನಿದ್ದೆ ಇರಲಿಲ್ಲ. ಜೊತೆಗೆ ಮಗ್ಗದ ಕೆಲಸ ನನಗೆ ಒಗ್ಗುತ್ತಿರಲಿಲ್ಲ. ನಾನು ಹರಿದ ಎಳೆ ಜೋಡಿಸಿದರೆ ಅದರ ಪಕ್ಕದ ಎರಡೆಳೆ ಹರಿಯುತ್ತಿದ್ದವು.

ಕಾಲೇಜಿನ ಮಾತೆತ್ತಿದಾಗ ಅಪ್ಪ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಆ ಸಂಜೆ ಚಹಾದ ಬಟ್ಟಲು ಕೆಳಗಿಟ್ಟು ನನ್ನ ಬಾಯಿಯನ್ನೇ ನೋಡುತ್ತ ಹೇಳಿದ:

"ಓದಿದಾಂವಗ ಮಾತು ಬರಬೇಕು. ಮಾತ ಬರದಾಂವ ಓದಿ ಏನ್ ಮಾಡ್ತಾನ? ನಿಮ್ಮ ಸಾಲ್ಯಾಗ ಕಳಸೋ ಕಾರ್ಯಕ್ರಮಕ್ಕ ಒಬ್ಬ ಹುಡುಗ ನಿಂತು ಮಾತಾಡ್ತಾನಲ್ಲ, ಈ ವರ್ಷ ಅದನ್ನ ನೀ ಮಾಡು. ಮಂದಿ ಛಲೋ ಆತು ಅಂದ್ರ ಜಮಖಂಡಿ. ಇಲ್ಲಂದ್ರ ಅದು ನಿಂದು." ಅದು ಎಂದಾಗ ಗದ್ದ ತಾಡಪತ್ರಿಯ ಕಡೆ ತಿರುಗಿತು.

ನೀನೂ ಕೇಳಲು ಬರುತ್ತೀಯಾ ಎಂದು ಕೇಳಿದೆ. ಮಗ್ಗ ಯಾರು ನೋಡಬೇಕು, ಹೆಡ್‌ಮಾಸ್ತರರು ದಾರಿಯಲ್ಲಿ ಸಿಕ್ಕಾಗ ವಿಚಾರಿಸುತ್ತೇನೆ ಎಂದ.

ಈ ಕಳಿಸೋ ಕಾರ್ಯಕ್ರಮದ ಬಗ್ಗೆ ಎರಡು ಮಾತು ಹೇಳಬೇಕು. ಪರೀಕ್ಷೆಗೆ ಮೊದಲು ಕೆಳಗಿನ ತರಗತಿಯವರು ಮೇಲಿನ ತರಗತಿಯವರಿಗೆ ಶಿರಾ ಮತ್ತು ಚೂಡಾ ತಿನ್ನಿಸಿ ಬೀಳ್ಕೊಡುತ್ತಿದ್ದರು. ಹೊರಡುವವರು ಶಾಲೆಗೆ ಗೋಡೆ ಗಡಿಯಾರ ಕೊಡುತ್ತಿದ್ದರು. ಶಾಲೆಯ ಗೋಡೆಗಳ ಮೇಲೆ ಇಂಥ ಗಡಿಯಾರಗಳು ಸಾಲಾಗಿದ್ದವು. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದುದರಿಂದ ತಡವಾಗಿ ಬಂದ ಹುಡುಗ ತನಗೆ ಅನುಕೂಲವಾದ ಗಡಿಯಾರದ ಕೆಳಗೆ ನಿಂತು ವಾದಿಸಬಹುದಿತ್ತು. ಆದರೆ ಕಾರ್ಯಕ್ರಮದ ಜೀವವೆಂದರೆ ಹೊರಡುವವರ ಪರವಾಗಿ ಒಬ್ಬ ಮಾಡುವ ಭಾಷಣ. ಅದು ಹೇಗಿತ್ತು ಎಂದು ಅಳೆಯಲು ನಮ್ಮೂರಿನಲ್ಲಿ ಒಂದೇ ಅಳತೆ: ಅತ್ತರೋ ಇಲ್ಲವೋ. ಹಿಂದಿನ ವರ್ಷ ಪಕ್ಕದೂರು ರಬಕವಿಯ ಹುಡುಗನೊಬ್ಬ ಮಾತಾಡಿ ಹೆಣ್ಣುಮಕ್ಕಳನ್ನಷ್ಟೇ ಅಲ್ಲ, ಗಣಿತದ ಮಾಸ್ತರರನ್ನೂ ಅಳಿಸಿದ್ದ. ಆಮೇಲೆ ಅವನು ಗಣಿತದಲ್ಲಿ ನಪಾಸಾದ. ಆದರೆ ಅವನ ಕೀರ್ತಿಗೆ ಅದರಿಂದ ಚ್ಯುತಿ ಬರಲಿಲ್ಲ. ರಬಕವಿಯವರು ವರ್ಷವಿಡೀ ಆ ಅಳುವಿನ ಮಾತನ್ನೇ ಆಡಿ ಬನಹಟ್ಟಿಯವರ ತಲೆ ತಗ್ಗಿಸಿದ್ದರು.

ಭಾಷಣ ಬರೆದುಕೊಡುತ್ತಿದ್ದವರು ಕನ್ನಡದ ಕುಲಕರ್ಣಿ ಮಾಸ್ತರರು. ಮೂಲತಃ ಗಲಗಲಿಯವರು. ತುಂಬ ಒಳ್ಳೆಯವರು, ಸ್ವಲ್ಪ ಸಂಸ್ಕೃತ. ಎಲ್ಲ ವರ್ಷವೂ ಅವರು ಕೊಡುತ್ತಿದ್ದದ್ದು ಒಂದೇ ಭಾಷಣ ಎಂದು ಹಿರಿಯ ಹುಡುಗರು ಹೇಳುತ್ತಿದ್ದರು. ನಾನು ತಾಳೆ ನೋಡಿಲ್ಲ. ಅದರಲ್ಲಿ ಜ್ಞಾನಸುಧೆ ಇತ್ತು, ಗುರುಚರಣಾರವಿಂದ ಇತ್ತು, ಅಶ್ರುಧಾರೆ ಇತ್ತು. ನಮಗೆ ಅರ್ಥವಾಗುವ ಕನ್ನಡ ಇದ್ದದ್ದು ಒಂದೇ ಕಡೆ: ಕಂಸದೊಳಗೆ ಕೆಂಪು ಶಾಯಿಯಲ್ಲಿ ಬರೆದ ಸೂಚನೆಗಳಲ್ಲಿ. ಇಲ್ಲಿ ಸ್ವಲ್ಪ ತಡೆಯುವುದು. ಇಲ್ಲಿ ಹೆಡ್‌ಮಾಸ್ತರರ ಕಡೆ ನೋಡುವುದು. ಇಲ್ಲಿ ಕಣ್ಣೊರೆಸಿಕೊಳ್ಳುವುದು.

"ಇದನ್ನ ನೀರಿನ ದಂಡ್ಯಾಗ ನಿಂತು ಹೇಳಿ ರೂಢಿ ಮಾಡ್ಕೊಬೇಕು ನೋಡಪಾ," ಎಂದು ಮಾಸ್ತರರು ಹೇಳಿದರು. ಅವರು ಸಣ್ಣವರಿದ್ದಾಗ ಗಲಗಲಿಯಲ್ಲಿ ಕೃಷ್ಣೆಯ ದಡದಲ್ಲಿ ನಿಂತು ಆಚೆ ದಡಕ್ಕೆ ಕೇಳುವಂತೆ ಶ್ಲೋಕ ಹೇಳುತ್ತಿದ್ದರಂತೆ. ಗಂಟಲು ಬಿಚ್ಚಿಕೊಳ್ಳುವುದೇ ಹಾಗಂತೆ.

ಬನಹಟ್ಟಿಯಲ್ಲಿ ನಮಗೆ ಹೊಳೆಯಿರಲಿಲ್ಲ. ಮಗ್ಗವಿತ್ತು.

ಈಗ ಯೋಚಿಸಿದರೆ ಇಂಥ ಯೋಚನೆ ನೇಕಾರರ ಮನೆಯ ಹುಡುಗನಿಗಲ್ಲದೇ ಇನ್ನಾರಿಗೂ ಹೊಳೆಯಲಾರದು. ಮನೆಯಲ್ಲಿ ಒಬ್ಬನೇ ಇರಲು ಜಾಗವಿರಲಿಲ್ಲ. ಮನೆಯೊಳಗೆ ಭಾಷಣ ಹೇಳಿದರೆ ಅವ್ವ ನಗುತ್ತಿದ್ದಳು. ಬಯಲಿಗೆ ಹೋದರೆ ಗೆಳೆಯ ಈರಪ್ಪ ಹಿಂದೆ ಬಂದು ಅಣಕಿಸುತ್ತಿದ್ದ. ಏಕಾಂತ ಸಿಗುತ್ತಿದ್ದದ್ದು ಸಪ್ಪಳದ ನಡುವೆ ಮಾತ್ರ. ಆದ್ದರಿಂದ ನಾನು ಖೋಲಿಯ ಮೂಲೆಯಲ್ಲಿ, ನನ್ನದಾಗಲು ಕಾದು ನಿಂತಿದ್ದ ಐದನೆಯ ಮಗ್ಗದ ಹಿಂದೆ, ಗೋಡೆಗೆ ಮುಖ ಮಾಡಿ ನಿಂತು, ನಾಲ್ಕು ಮಗ್ಗಗಳ ಮೇಲೆ ಗೆಲ್ಲುವಂತೆ ಗುರುಚರಣಾರವಿಂದ ಎಂದು ಕಿರುಚಿದೆ. ಗೋಡೆಗೆ ಮುಖ ಮಾಡಿದ್ದು ಅಪ್ಪನೂ ಅವನ ಕೆಲಸದವರೂ ನನ್ನ ಬಾಯಿ ಓದಬಾರದೆಂದು. ಖಟಾಪಟ್ಟಿನ ಲಯಕ್ಕೆ ಸರಿಯಾಗಿ ಸಾಲುಗಳು ಒಂದರ ಹಿಂದೊಂದು ತಾವೇ ಬರತೊಡಗಿದವು. ಕಪ್ಪು ಶಾಯಿ ಯಾವುದು, ಕೆಂಪು ಶಾಯಿ ಯಾವುದು ಎಂದು ಲಯಕ್ಕೆ ಗೊತ್ತಾಗುವುದಿಲ್ಲವಲ್ಲ. ಕಂಸದೊಳಗಿನ ಸೂಚನೆಗಳೂ ಬಾಯಿಪಾಠವಾದವು. ನನಗೆ ಅದರ ಪರಿವೆ ಇರಲಿಲ್ಲ. ಭಾಷಣ ಬಾಯಿಗೆ ಬಂತು ಎಂದು ಖುಷಿಯಾಗಿ ಇನ್ನೂ ಜೋರಾಗಿ ಕಿರುಚಿದೆ.

ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ ಎದ್ದು ಅವ್ವನನ್ನು ಕರೆದರೆ ಬಾಯಿಂದ ಗಾಳಿ ಬಂತು. ಮತ್ತೊಮ್ಮೆ ಕರೆದೆ. ಮತ್ತೂ ಗಾಳಿ.

ಆಮೇಲೆ ಓಣಿಯ ವೈದ್ಯವೆಲ್ಲ ನನ್ನ ಗಂಟಲಿನ ಮೇಲೆ ಬಂದು ಬಿತ್ತು. ಉಪ್ಪುನೀರು ಮುಕ್ಕಳಿಸಿದೆ. ಕಲ್ಲುಸಕ್ಕರೆಗೆ ಮೆಣಸು ಸೇರಿಸಿ ತಿಂದೆ. ಅರಿಶಿನ ಹಾಕಿದ ಹಾಲು ಕುಡಿದೆ. ಮಗ್ಗದ ಖೋಲಿಯ ಆಚೆಗೆ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಬಸಣ್ಣ ಕಾಕಾ ಜ್ಯೇಷ್ಠಮಧುವಿನ ಕಡ್ಡಿ ತಂದುಕೊಟ್ಟು, ಕಡಿಯಬೇಡ, ಬರೇ ಚೀಪು ಎಂದು ತಾಕೀತು ಮಾಡಿದ. ನಾನು ಕಡಿದೆ. ಗಂಟಲಲ್ಲಿ ಎಲ್ಲ ರುಚಿಗಳೂ ಉಳಿದುಕೊಂಡವು, ದನಿ ಮಾತ್ರ ಬರಲಿಲ್ಲ. ಅಪ್ಪ ಇದನ್ನೆಲ್ಲ ಖೋಲಿಯ ಬಾಗಿಲಿನಿಂದ ನೋಡುತ್ತಿದ್ದ. ಆ ಸಂಜೆ ತಾಡಪತ್ರಿಯ ಮೇಲಿನ ಧೂಳು ಜಾಡಿಸಿದ ಎಂದು ನನಗೆ ನೆನಪು. ಭಯದಲ್ಲಿ ಕಟ್ಟಿಕೊಂಡ ನೆನಪೂ ಇರಬಹುದು.

ಮರುದಿನ ಶಾಲೆಯ ಅಂಗಳದಲ್ಲಿ ನನಗೆ ಉಳಿದಿದ್ದ ಆಸೆ ಒಂದೇ, ಮೈಕು. ಅದನ್ನು ತಂದಿದ್ದವನು ರಬಕವಿಯ ದಸ್ತಗೀರ. ಅವನು ನನ್ನ ಗಾಳಿದನಿ ಕೇಳಿ, ಕರುಣೆಯಿಂದ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ನೀ ಬರೇ ಉಸುರ ಬಿಡಲೇ ತಮ್ಮಾ, ಸಾಕು. ಉಳಿದದ್ದ ನನ್ನ ಮಸೀನ ಹೇಳತೈತಿ." ಅವನ ಯಂತ್ರದ ಮೇಲೆ ನನಗೆ ಬಂದಂಥ ಭಕ್ತಿ ಅನಂತರ ಯಾವ ದೇವರ ಮೇಲೂ ಬಂದಿಲ್ಲ.

ಆದರೆ ಹೆಡ್‌ಮಾಸ್ತರರಿಗೆ ಮೈಕಿನ ಜೊತೆ ಬಣ್ಣದ ದೀಪದ ಸರವೂ ಬೇಕಾಗಿತ್ತು. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ದೀಪ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪ್ರಾರ್ಥನೆ ಆಯಿತು, ಗಡಿಯಾರ ಕೊಟ್ಟದ್ದಾಯಿತು, ನನ್ನ ಹೆಸರು ಕರೆದರು. ಅದೇ ಗಳಿಗೆಗೆ ಸರಿಯಾಗಿ ದಸ್ತಗೀರ ದೀಪದ ಸರದ ಗುಂಡಿ ಒತ್ತಿದ. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಚಟ್ ಎಂದಿತು. ಮೈಕು ಸತ್ತುಹೋಯಿತು.

"ಕರೆಂಟ್ ಹೋತ್ರಿ," ಎಂದು ದಸ್ತಗೀರ ಘೋಷಿಸಿದ. ಕೂತವರೆಲ್ಲ ಮುಖವೆತ್ತಿ ಆಕಾಶ ನೋಡಿದರು. ನಮ್ಮೂರಲ್ಲಿ ಕರೆಂಟು ಹೋದಾಗ ಹಾಗೆ ಮಾಡುವ ರೂಢಿ.

ಅಂಗಳದಲ್ಲಿ ಆವರೆಗೆ ಕೇಳಿರದಂಥ ಮೌನ. ನನ್ನ ಕಿವಿಯೊಳಗೆ ಮಾತ್ರ ದೂರದಿಂದ ಬಂದಂತೆ ಖಟಾಪಟ್ ಖಟಾಪಟ್. ಹುಟ್ಟಿದಾಗಿನಿಂದ ಕೇಳಿ ಕೇಳಿ ತಲೆಯೊಳಗೇ ಕೂತುಬಿಟ್ಟಿದೆ, ಮಗ್ಗ ನಿಂತರೂ ಇದು ನಿಲ್ಲುವುದಿಲ್ಲ ಎಂದುಕೊಂಡೆ. ಎದುರಿಗೆ ಹೆಡ್‌ಮಾಸ್ತರರು, ಮಾಸ್ತರರ ಸಾಲು, ಹಿಂದೆ ಹುಡುಗರು, ಹುಡುಗಿಯರು. ಈರಪ್ಪ ನನ್ನನ್ನು ಬಿಟ್ಟು ಶಿರಾದ ಪಾತೇಲಿಯನ್ನೇ ನೋಡುತ್ತಿದ್ದ. ಎಲ್ಲರಿಗಿಂತ ಹಿಂದೆ, ಬೇವಿನ ಗಿಡದ ಕೆಳಗೆ, ಅಪ್ಪ ನಿಂತಿದ್ದ.

ಅಪ್ಪನ ಜೊತೆ ಅವನ ಕೆಲಸದವರೆಲ್ಲ ನಿಂತಿದ್ದರು. ಎಲ್ಲರ ತಲೆ, ಹುಬ್ಬು, ಮೀಸೆಗಳ ಮೇಲೆ ನೂಲಿನ ಧೂಳು ಕೂತು ಒಂದೇ ದಿನಕ್ಕೆ ಮುಪ್ಪಾದವರಂತೆ ಕಾಣುತ್ತಿದ್ದರು. ಮಗ್ಗ ಬಿಟ್ಟು ಇವರು ಹೇಗೆ ಬಂದರು ಎಂದು ಒಂದು ಕ್ಷಣ ಬೆರಗಾಯಿತು. ಕರೆಂಟು ಹೋಗಿದೆಯಲ್ಲ ಎಂದು ಮರುಕ್ಷಣ ನೆನಪಾಯಿತು. ಬೇರೆಯವರು ನನ್ನ ಮುಖ ನೋಡುತ್ತಿದ್ದರು. ಅವರೆಲ್ಲ ನನ್ನ ಬಾಯಿ ನೋಡುತ್ತಿದ್ದರು.

ನಾನು ಬಾಯಿ ತೆರೆದೆ.

ಇಲ್ಲಿಂದ ಮುಂದಿನದು ಅನುಮಾನದ ಪ್ರದೇಶ. ದನಿ ಬರಲಿಲ್ಲ ಎಂಬುದು ಬಹುಮಟ್ಟಿಗೆ ಖಚಿತ. ಹೆಡ್‌ಮಾಸ್ತರರು ಕಿವಿಯ ಹಿಂದೆ ಅಂಗೈ ಹಿಡಿದು ಮುಂದಕ್ಕೆ ಬಾಗಿದರು. ಕುಲಕರ್ಣಿ ಮಾಸ್ತರರು, ತಮ್ಮದೇ ಭಾಷಣವಾದ್ದರಿಂದ, ಕೇಳದಿದ್ದರೂ ತಲೆದೂಗುತ್ತಿದ್ದರು. ತುಟಿಗಳು ಮಾತ್ರ ಕಲಿತಂತೆ ಆಡುತ್ತ ಹೋದವು. ತಲೆಯೊಳಗಿನ ಖಟಾಪಟ್ಟು ತಾಳ ಹಾಕುತ್ತಿತ್ತು. ನಿಲ್ಲಿಸಲು ನನ್ನಿಂದ ಆಗುತ್ತಿರಲಿಲ್ಲ. ಯಾವುದೋ ಹಂತದಲ್ಲಿ ಇಲ್ಲಿ ಸ್ವಲ್ಪ ತಡೆಯುವುದು ಎಂಬುದನ್ನೂ ತುಟಿಗಳು ಹೇಳಿಬಿಟ್ಟವು. ಬೇವಿನ ಗಿಡದ ಕೆಳಗಿನವರಲ್ಲಿ ಒಬ್ಬ ಸಂಚಿ ಬಿಚ್ಚಿ ಎಲೆ ಅಡಿಕೆ ಹಾಕಿಕೊಳ್ಳಲು ಹೊರಟವನು ಹಾಗೇ ತಡೆದು ನಿಂತ. ಹೆಡ್‌ಮಾಸ್ತರರ ಕಡೆ ನೋಡುವುದು ಎಂದೆ. ಗಿಡದ ಕೆಳಗಿನ ತಲೆಗಳೆಲ್ಲ ಹೆಡ್‌ಮಾಸ್ತರರ ಕಡೆ ತಿರುಗಿ ಮತ್ತೆ ನನ್ನ ಬಾಯಿಗೆ ಮರಳಿದವು. ಏನು ನಡೆಯುತ್ತಿದೆ ಎಂಬುದು ನನಗೆ ಆಗ ಹೊಳೆಯಿತು. ಜ್ಞಾನಸುಧೆ, ಅಶ್ರುಧಾರೆಗಳನ್ನು ಪಾಪ ಅವರು ಯಾರ ತುಟಿಯ ಮೇಲೂ ಕಂಡವರಲ್ಲ. ಇಡೀ ಭಾಷಣದಲ್ಲಿ ಅವರಿಗೆ ಓದಲು ಬರುವಂಥ ಕನ್ನಡ ಇದ್ದದ್ದು ಕೆಂಪು ಶಾಯಿಯಲ್ಲಿ ಮಾತ್ರ. ಹೊಳೆದರೇನು, ತುಟಿಗಳು ಆಗಲೇ ಮುಂದಿನ ಸಾಲಿಗೆ ಹೋಗಿದ್ದವು.

ಇಲ್ಲಿ ಕಣ್ಣೊರೆಸಿಕೊಳ್ಳುವುದು.

ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಕಣ್ಣೊರೆಸಿಕೊಂಡ. ಅವನ ಕೆಲಸದವರೂ ಒಬ್ಬೊಬ್ಬರಾಗಿ ಒರೆಸಿಕೊಂಡರು.

ಹುಡುಗರ ತಲೆಗಳು ಹಿಂದಕ್ಕೆ ತಿರುಗಿದ್ದನ್ನು ನೋಡಿ ಹೆಡ್‌ಮಾಸ್ತರರೂ ತಿರುಗಿದರು. ಮೀಸೆ ಹೊತ್ತ ಗಟ್ಟಿ ನೇಕಾರರು ಸಾಲಾಗಿ ನಿಂತು ಅಳುತ್ತಿದ್ದಾರೆ. ತಾವು ಮುಂದಿನ ಕುರ್ಚಿಯಲ್ಲಿ ಕೂತು ಒಂದಕ್ಷರವೂ ಕೇಳಿಲ್ಲ. ಅವರು ಒಂದು ನಿಮಿಷ ಏನು ಯೋಚಿಸಿದರೋ, ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಕ ಮೇಲೆ ಸರಿಸಿದರು. ಹೆಡ್‌ಮಾಸ್ತರರು ಅತ್ತ ಮೇಲೆ ಉಳಿದ ಮಾಸ್ತರರು ಒಣಗಣ್ಣಿನಿಂದ ಕೂಡ್ರುವಂತಿರಲಿಲ್ಲ. ಮಾಸ್ತರರು ಅತ್ತದ್ದನ್ನು ನೋಡಿ ಹುಡುಗಿಯರು ಶುರು ಮಾಡಿದರು. ಅವರದು ಮಾತ್ರ ಸದ್ದು ಸಮೇತ. ಆ ಗದ್ದಲದಲ್ಲಿ ನನ್ನ ಭಾಷಣ ಎಲ್ಲಿ ಮುಗಿಯಿತೋ ನನಗೇ ತಿಳಿಯಲಿಲ್ಲ. ಚಪ್ಪಾಳೆಯಂತೂ ಬಿತ್ತು. ಕುಲಕರ್ಣಿ ಮಾಸ್ತರರು ನನ್ನ ಎರಡೂ ಕೈ ಹಿಡಿದುಕೊಂಡು, ಇಷ್ಟು ವರ್ಷ ಎಲ್ಲಾರೂ ಒದರಿ ಒದರಿ ಕೆಡಿಸಿದ್ದರು, ಮೆಲ್ಲಗೆ ಹೇಳಬೇಕಾದ ಮಾತು ಅಂತ ನಿನಗೊಬ್ಬನಿಗೇ ತಿಳಿದದ್ದು ಎಂದರು.

ಶಿರಾದ ಪೊಟ್ಟಣ ಹಿಡಿದು ಅಪ್ಪನ ಹಿಂದೆ ಮನೆಗೆ ಹೊರಟೆ. ಅವನು ಸೈಕಲ್ಲು ನೂಕಿಕೊಂಡು ಮುಂದೆ ನಡೆದಿದ್ದ. ಸ್ವಲ್ಪ ದೂರ ಹೋದ ಮೇಲೆ, ಮುಂದೆ ನೋಡುತ್ತಲೇ ಹೇಳಿದ: "ಕರೆಂಟ್ ಹೋತು. ಸುಮ್ಮ ಕುಂತು ಏನ್ ಮಾಡೂದಂತ ಬಂದ್ವಿ."

ಇನ್ನಷ್ಟು ದೂರ ಹೋದ ಮೇಲೆ ಮತ್ತೆ ಬಾಯಿ ಬಿಟ್ಟ.

"ಅದೊಂದು ಮಾತ ಛಲೋ ಹೇಳಿದಿ ನೋಡು. ನಮ್ಮಪ್ಪನ ಮಗ್ಗದ ಸಪ್ಪಳದಾಗ ಹುಟ್ಟಿ ಬೆಳದೇನಿ, ಎಲ್ಲಿ ಹೋದ್ರೂ ಅದು ನನ್ನ ಕಿವ್ಯಾಗ ಇರತೈತಿ ಅಂದ್ಯಲ್ಲ. ಅದು."

ಕುಲಕರ್ಣಿ ಮಾಸ್ತರರ ಭಾಷಣದಲ್ಲಿ ಮಗ್ಗ ಇರಲಿಲ್ಲ. ಅಪ್ಪ ಇರಲಿಲ್ಲ. ತಾಯಿ ಇದ್ದಳು, ಅವಳೂ ಶಾರದೆ. ಹಾಗೆ ಹೇಳಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಗಾಳಿ ಬಂತು. ತುಟಿ ಓದಬಲ್ಲವನು ನನಗೆ ಬೆನ್ನು ಮಾಡಿ ನಡೆಯುತ್ತಿದ್ದ.

ಆ ಜೂನಿನಲ್ಲಿ ನಾನು ಜಮಖಂಡಿಗೆ ಹೋದೆ. ಐದನೆಯ ಮಗ್ಗಕ್ಕೆ ಮುಧೋಳದ ಭಾವ ಬಂದು ಕೂತ, ಮೂಕ ಮಾವನ ಜೊತೆ ವರ್ಷಾನುಗಟ್ಟಲೆ ತುಟಿಯಲ್ಲಿ ವಾದ ಮಾಡಿಕೊಂಡು ಸುಖವಾಗಿದ್ದ. ಕಾಲೇಜಿನ ಆ ಓದುವ ಕೋಣೆಯಲ್ಲಿ ನಾನು ಮೊದಲ ದಿನ ಕೂತದ್ದು ಸ್ವಲ್ಪವೇ ಹೊತ್ತು. ಅಷ್ಟು ನಿಶ್ಶಬ್ದದಲ್ಲಿ ನನಗೆ ಓದು ತಲೆಗೆ ಹತ್ತಲಿಲ್ಲ. ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸುಗಳ ಗದ್ದಲದಲ್ಲಿ ಪುಸ್ತಕ ತೆರೆದೆ.

ಅಪ್ಪ ಇರುವ ತನಕ ಮನೆಗೆ ಬಂದವರಿಗೆಲ್ಲ ನನ್ನ ಭಾಷಣ ಹೇಳುತ್ತಿದ್ದ. ವರ್ಷದಿಂದ ವರ್ಷಕ್ಕೆ ಅದು ಬೆಳೆಯಿತು. ಮೊದಲು ಒಂದು ಮಾತಿತ್ತು, ಆಮೇಲೆ ಅದರಲ್ಲಿ ಅವ್ವನ ಕಷ್ಟ ಬಂತು, ಅಕ್ಕನ ಮದುವೆ ಬಂತು, ನೂಲಿನ ಧಾರಣೆ ಬಂತು. ಕಡೆಕಡೆಗೆ ಕೇಳುವಾಗ, ಈ ಹುಡುಗ ನಿಜಕ್ಕೂ ಎಷ್ಟು ಚೆನ್ನಾಗಿ ಮಾತಾಡಿದ್ದ ಎಂದು ನನಗೂ ಅನ್ನಿಸುತ್ತಿತ್ತು.

ಅಪ್ಪ ಹೋದ ಮೇಲೆ ನನಗೆ ಈ ಪ್ರಸಂಗವನ್ನು ಶಾಸ್ತ್ರೋಕ್ತವಾಗಿ ವಿಚಾರಿಸಬೇಕು ಅನ್ನಿಸಿತು. ಮಾತೇ ಆಡದವನಿಗೆ ಕಾಲೇಜು ಸಿಕ್ಕಿದ್ದು ಹೇಗೆ? ಅಪ್ಪನ ಕಣ್ಣು ನಿಜವಾಗಿ ಒದ್ದೆಯಾಗಿತ್ತೋ, ಒರೆಸಿಕೊಳ್ಳಲು ಹೇಳಿದ್ದಕ್ಕೆ ಒರೆಸಿಕೊಂಡನೋ, ಇಲ್ಲ ನೂಲಿನ ಧೂಳು ಬಿದ್ದಿತ್ತೋ? ಹೋದ ವರ್ಷ ರಜೆಯಲ್ಲಿ ಬನಹಟ್ಟಿಗೆ ಹೋದಾಗ ಸಾಕ್ಷಿಗಳನ್ನು ಕಂಡೆ. ಈಗ ಬಟ್ಟೆ ಅಂಗಡಿ ಇಟ್ಟಿರುವ ಈರಪ್ಪ, ನಾನು ವೇದಿಕೆಯ ಮೇಲೆ ಬವಳಿ ಬಂದು ಬಿದ್ದೆನೆಂದೂ ತಾನೇ ನೀರು ಚಿಮುಕಿಸಿದೆನೆಂದೂ ಹೇಳಿದ. ದಸ್ತಗೀರ, ತನ್ನ ಮೈಕು ಒಮ್ಮೆಯೂ ಕೆಟ್ಟಿಲ್ಲವೆಂದೂ ಅವತ್ತಿನ ನನ್ನ ಭಾಷಣ ರಬಕವಿಯ ತನಕ ಕೇಳಿಸಿತ್ತೆಂದೂ ಆಣೆ ಮಾಡಿದ. ಬಹಳ ಪೀಡಿಸಿದ ಮೇಲೆ, ದೀಪದ ಸರದಿಂದ ಶಾಲೆಯ ಫ್ಯೂಜು ಸುಟ್ಟಿತ್ತು, ಅದನ್ನು ಕರೆಂಟಿನ ಮೇಲೆ ಹಾಕಿದೆ ಎಂದು ಒಪ್ಪಿಕೊಂಡ. ಅವ್ವನಿಗೆ ನೆನಪಿದ್ದದ್ದು ನಾನು ತಂದ ಶಿರಾದಲ್ಲಿ ಗೋಡಂಬಿ ಇರಲಿಲ್ಲ ಎಂಬುದು.

ಫ್ಯೂಜಿನ ಮಾತು ಕೇಳಿದ ಮೇಲೆ ನನ್ನ ತಲೆಯಲ್ಲಿ ಒಂದು ಎಳೆ ಹರಿದು ಜೋತಾಡತೊಡಗಿತು. ಅದನ್ನು ಹಿಡಿದುಕೊಂಡು ಬಸಣ್ಣ ಕಾಕಾನ ಗಿರಣಿಗೆ ಹೋದೆ. ಅವನ ಗಿರಣಿಗೂ ನಮ್ಮ ಮಗ್ಗದ ಖೋಲಿಗೂ ಒಂದೇ ಕಂಬದಿಂದ ತಂತಿ. ಅವತ್ತು ಕರೆಂಟು ಯಾವ ಹೊತ್ತಿಗೆ ಹೋಗಿತ್ತು ಎಂದು ಕೇಳಿದೆ. ಮುದುಕ ಹಿಟ್ಟಿನ ಕೈ ಜಾಡಿಸಿಕೊಂಡ.

"ಈಗ ಕೇಳಿದೇನು? ನಿಮ್ಮಪ್ಪ ಮಗ್ಗದ ಬಟನ್ ಆರಸಿ ಮಂದೀನ ಕರ್ಕೊಂಡು ಹೊಂಟಾಗ ಇಲ್ಲೇ ಬಂದಿದ್ದ. ಹುಡುಗ ಏನರೆ ಕೇಳಿದ್ರ ಕರೆಂಟ್ ಹೋಗಿತ್ತು ಅನ್ನು ಬಸಣ್ಣಾ ಅಂದಿದ್ದ. ನಾ ತಯಾರಿದ್ನೆಪಾ. ನೀ ಕೇಳಲೇ ಇಲ್ಲ."

ಒಬ್ಬ ಸಾಕ್ಷಿಯನ್ನು ನಂಬುವವನಲ್ಲ ನಾನು. ಅವತ್ತು ಬೇವಿನ ಗಿಡದ ಕೆಳಗೆ ನಿಂತಿದ್ದವರಲ್ಲಿ ಒಬ್ಬನನ್ನು ರನ್ನ ಬೆಳಗಲಿಯಲ್ಲಿ ಅವನ ಮಗಳ ಮನೆಯಲ್ಲಿ ಹುಡುಕಿದೆ. ಕಿವಿ ಪೂರಾ ಹೋಗಿತ್ತು. ಎದುರಿಗೆ ಕೂತು ತುಟಿಯಲ್ಲೇ ಕೇಳಿದೆ. ಬಟನ್ ಆರಿಸಿದ್ದು ತಾನೇ, ಆರಿಸು ಎಂದದ್ದು ಮಾಲಕರು ಎಂದ. ಓಣಿಯಲ್ಲಿ ಉಳಿದವರ ಮಗ್ಗಗಳು ನಡೆದೇ ಇದ್ದವು ಎಂದೂ ಹೇಳಿದ. ಅವನೂ ಬಸಣ್ಣ ಕಾಕಾನೂ ವರ್ಷಗಳಿಂದ ಒಬ್ಬರನ್ನೊಬ್ಬರು ಕಂಡಿಲ್ಲ, ಅದನ್ನೂ ವಿಚಾರಿಸಿದ್ದೇನೆ.

ಹಾಗಾದರೆ ವೇದಿಕೆಯ ಮೇಲೆ ನನ್ನ ಕಿವಿಯಲ್ಲಿ ಕೇಳಿದ್ದು ನನ್ನ ತಲೆಯೊಳಗಿನದಲ್ಲ. ಭಾಷಣ ಆಯಿತೋ ಇಲ್ಲವೋ, ಅಪ್ಪ ಅತ್ತನೋ ಇಲ್ಲವೋ, ಅವು ಹಾಗೇ ಇರಲಿ. ಇದೊಂದನ್ನು ಮಾತ್ರ ಖಾತ್ರಿ ಮಾಡಿಕೊಂಡಿದ್ದೇನೆ: ಆ ಮಧ್ಯಾಹ್ನ ಬನಹಟ್ಟಿಯಲ್ಲಿ ಕರೆಂಟು ಹೋಗಿರಲಿಲ್ಲ.